ಆಕಾಶ ಕಾಣೋ ಕಡೆ ಮಲಗಿದ ದ್ಯಾವ

ಹೂಂ ಅನ್ನೋರು ಮುಂದೆ ಬನ್ನಿ, ಆಕಳಿಸೋರು ಹಿಂದಕ್ಕೆ ಸರೀರಿ. ಹೊಳೆ ದಂಡೇಲಿ ಒಂದೂರು. ಆ ಊರಲ್ಲಿ ಜವನಮ್ಮ, ಅವಳಿಗೊಬ್ಬ ಮಗ ದ್ಯಾವ. ಹೇಳಿದ್ದು ಮಾಡ್ತಿದ್ದ. ಹೇಳಿದ್ದೇ ಮಾಡ್ತಿದ್ದ. ಅದೇ ನೋಡಿ ಜವನಮ್ಮನ ಕರ್ಮ!

ಮಗಳು ಚೆಲುವಿ ಹೊಳೆಯಾಚೆ, ಗುಡ್ಡದ ಹಿಂದಿನೂರಲ್ಲಿ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಬೀಗರು ಮಾತ್ರ, "ಒಡಹುಟ್ಟಿದೋನು ಬಂದು ಕರೀಲಿ, ಕಳಿಸ್ತೀವಿ. ಎಂಟಕ್ಕೆ ಬಿತ್ತೋ, ಹೊಸಲು ದಾಟಿಸಲ್ಲ" ಅಂದುಬಿಟ್ಟಿದ್ದರು. ಒಡಹುಟ್ಟಿದೋನು ಅಂದರೆ ದ್ಯಾವ ಒಬ್ಬನೇ.

ಜವನಮ್ಮ ಅವನ ಕೈಗೊಂದು ಫೋನ್ ಕೊಟ್ಟಳು. "ಮಗಾ, ದಾರೀಲಿ ಏನೇನು ಕಾಣ್ತದೋ ಎಲ್ಲಾ ನಂಗೆ ಹೇಳ್ತಾ ಹೋಗು."

ದ್ಯಾವ ಹೊರಟ.

"ಅವ್ವಾ, ಕಲ್ಲು!"

"ಹೂಂ."

"ಅವ್ವಾ, ಇನ್ನೊಂದು ಕಲ್ಲು!"

"ಹೂಂ ಕಣೋ."

"ಅವ್ವಾ, ಎಮ್ಮೆ! ಕಪ್ಪಗದೆ!"

ಬೇಲಿ ಮೇಲಿನ ಓತಿಕ್ಯಾತನನ್ನೂ ಬಿಡಲಿಲ್ಲ ಪುಣ್ಯಾತ್ಮ. ಊರಂಚು ದಾಟೋದರೊಳಗೆ ಚಾರ್ಜ್ ಮುಗೀತು. ಹೇಳೋಕಾಗದ ಮೇಲೆ ನೋಡೋದು ಹೆಂಗೆ? ಕಣ್ಣು ಮುಚ್ಕೊಂಡು, ಬೇಲಿ ತಡವುತ್ತಾ ವಾಪಸ್ ಬಂದ.

"ಅಯ್ಯೋ, ಹೊಟ್ಟೆ ಉರಿಸೋನೇ! ಆ ಸತ್ತ ಫೋನ್ ಬಟ್ಟೆ ಗಂಟಲ್ಲಿ ಕಟ್ಟು. ಬಾಯಿ ಮುಚ್ಕೊಂಡು, ಕಣ್ಣು ಬಿಟ್ಕೊಂಡು ಹೋಗು. ಕತ್ತಲಾದ್ರೆ ತಲೆ ಮೇಲೆ ಏನಾದ್ರೂ ಮುಚ್ಚಿರೋ ಕಡೆ ಮಲಗು. ಬೆಳಕು ಕಂಡಮೇಲೆ ಏಳು!"

ಫೋನ್ ಬಾಯಿ ಮುಚ್ಚಿತು, ದ್ಯಾವ ಕಣ್ಣು ಬಿಟ್ಟ. ಅದೇ ಕಲ್ಲು, ಒಳಗೆ ಮಿಣಿಮಿಣಿ ಮಿಂಚು! ಅದೇ ಎಮ್ಮೆ, ಬೆನ್ನ ಮೇಲೊಂದು ಬೆಳ್ಳಕ್ಕಿ! "ಅಬ್ಬಬ್ಬಬ್ಬಾ!" ಅಂತ ನಿಂತು ನಿಂತು ನೋಡಿದ. ಹೊಳೆಗೆ ಬಂದಾಗ ಹೊತ್ತು ಮುಳುಗಿತ್ತು. ಅಂಬಿಗ ತಿಪ್ಪಯ್ಯ ಹರಿಗೋಲನ್ನ ದಡದಲ್ಲಿ ಕವುಚಿ ಹಾಕಿ ಮನೆಗೆ ಹೋಗಿದ್ದ. ದ್ಯಾವ ಅದರಡಿ ನುಸುಳಿದ. ಡಾಂಬರಿನ ವಾಸನೆ, ಕಿವಿ ಪಕ್ಕದಲ್ಲೇ ಹೊಳೆ. ಇಡೀ ಹೊಳೆ ತನ್ನೊಬ್ಬನಿಗೇ ಹಾಡ್ತಿದೆ ಅನ್ನಿಸಿ ಮೈ ಜುಂ ಅಂತು.

ಬೆಳಗಾಯ್ತು. ಒಳಗೆಲ್ಲಿ ಬೆಳಕು? ದ್ಯಾವ ಏಳಲಿಲ್ಲ. ತಿಪ್ಪಯ್ಯನಿಗೆ ಅವತ್ತು ಜ್ವರ. ಮಾರನೇ ದಿನ ಬಂದು ಹರಿಗೋಲು ಎತ್ತಿದರೆ ಒಳಗೆ ದ್ಯಾವ!

"ಬೆಳಕಾಯ್ತಾ ತಿಪ್ಪಣ್ಣ?"

"ಎರಡು ಸಲ ಆಯ್ತಲ್ಲೋ!"

ಹೊಟ್ಟೆ ಹಸಿದು ಮನೆಗೇ ಓಡಿ ಬಂದ. ಜವನಮ್ಮ ಬಯ್ಯೋಕೂ ಆಗದೆ ಅತ್ತೇಬಿಟ್ಟಳು. "ಎಂಟು ಬೀಳೋಕೆ ಇನ್ನು ಮೂರೇ ದಿನ ಕಣೋ! ನನ್ನ ಕೂಸು ಬಾಗಿಲು ನೋಡ್ತಾ ಕೂತವ್ಳೆ ಅಲ್ಲಿ! ಇನ್ಮೇಲೆ ಆಕಾಶ ಕಾಣೋ ಕಡೆ ಮಲಗು. ಅಕ್ಕನ್ನೂ ಅಂಥಾ ಕಡೆಯೇ ಮಲಗಿಸು!"

ದ್ಯಾವ ಹೊಳೆ ದಾಟಿದ. ಕತ್ತಲಾದಾಗ ರಾಗಿ ಹೊಲದಲ್ಲಿ ಹಂದಿ ಕಾಯೋ ಅಟ್ಟಣೆ ಹತ್ತಿ ಅಂಗಾತ ಮಲಗಿದ. ಚುಕ್ಕಿ! ರಾಗಿ ಎರಚಿದ ಹಾಗೆ ಚುಕ್ಕಿ! "ಅಬ್ಬಬ್ಬಬ್ಬಾ! ಯಾರು ಹಚ್ಚಿದ್ರೋ ಇಷ್ಟೊಂದು!" ಅವ್ವನ್ನ ಕೇಳೋಣ ಅಂದರೆ ಫೋನ್ ಗಂಟಲ್ಲಿ. ಮಲಗಿದಲ್ಲೇ ಕೈ ಮುಗಿದ.

ಬೆಳಕು ಕಂಡಿತು, ಎದ್ದ, ಅಕ್ಕನೂರು ಸೇರಿದ. ಬೀಗರು ಹೊಳೆ ದಂಡೆವರೆಗೂ ಗಾಡಿ ಕಟ್ಟಿ ಕಳಿಸಿದರು. ಅಂತೂ ಏಳು ಮುಗಿಯೋ ಮುಂಚೆ ಚೆಲುವಿ ತವರ ಹೊಸಲು ತುಳಿದಳು.

"ಬಂಗಾರ ಕಣೋ ನೀನು!" ಜವನಮ್ಮ ಮಗನಿಗೂ ದೃಷ್ಟಿ ತೆಗೆದಳು. "ಅಕ್ಕನಿಗೆ ಚಾಪೆ ಹಾಸು" ಅಂತ ಹೇಳಿ ಒಲೆ ಮುಂದೆ ಕೂತಳು. ಮುದ್ದೆ ಕಟ್ಟಿ ಬಂದು ನೋಡ್ತಾಳೆ, ನಡುಮನೆ ಹೆಂಚೆಲ್ಲ ಅಂಗಳದಲ್ಲಿ!

"ಲೋ! ನನ್ನ ಮನೇನೋ!"

"ಆಕಾಶ ಕಾಣೋ ಕಡೆ ಮಲಗಿಸು ಅಂದ್ಯಲ್ಲವ್ವಾ!"

ಹೊಡೆಯೋಕೆ ಸೌಟು ಎತ್ತಿದಳು. ಕೈ ಜೊತೆ ಕಣ್ಣೂ ಮೇಲಕ್ಕೆ ಹೋಯ್ತು. ಚುಕ್ಕಿ! ಚಿಕ್ಕವಳಾಗಿದ್ದಾಗ ಅಂಗಳದಲ್ಲಿ ಮಲಗಿ ನೋಡಿದ್ದು, ಆಮೇಲೆ ತಲೆ ಎತ್ತೇ ಇರಲಿಲ್ಲ ಜವನಮ್ಮ. "ಅಬ್ಬಬ್ಬಬ್ಬಾ!" ಅಂದಳು, ಕಣ್ಣು ತುಂಬಿ ಬಂತು. ಒಳಗೆ ಅವಳ ಫೋನ್ ಬಡಕೊಳ್ತಾನೇ ಇತ್ತು. ಯಾರೂ ಎತ್ತಲಿಲ್ಲ. ಉಂಡು, ಬಾಗಿಲು ಹಾಕಿ, ಮೂವರೂ ಒಂದೇ ಕಡೆ ಅಂಗಾತ ಬಿದ್ದುಕೊಂಡರು.

"ಮಂಜು ಬಿದ್ರೆ ಬಸುರಿಗೆ ಶೀತ. ಆಮೇಲೆ ಮೇಲೇನಾದ್ರೂ ಮುಚ್ಚೋ ಮಗಾ" ಅಂತ ಹಾಗೇ ನಿದ್ದೆ ಹೋದಳು.

ಎಚ್ಚರಾದಾಗ ಗವ್ವನೆ ಕತ್ತಲು. ಮೂಗಿಗೆ ಡಾಂಬರಿನ ವಾಸನೆ. ಹೊರಗೆ ತಿಪ್ಪಯ್ಯ ಬಾಗಿಲು ಬಡೀತಿದ್ದ. "ಜವನಕ್ಕಾ, ಹೊಳೆ ದಾಟೋ ಜನ ಕಾಯ್ತಾವ್ರೆ! ನಿಮ್ಮ ಸೂರಿನ ಮೇಲಿರೋದು ನನ್ನ ಹರಿಗೋಲು!"

"ಲೋ ದ್ಯಾವಾ, ಬೆಳಕಾಯ್ತೇನೋ?"

ಪಕ್ಕದಿಂದ ದ್ಯಾವ ಮಗ್ಗುಲು ಬದಲಿಸಿದ.

"ಇನ್ನೂ ಕಾಣ್ತಿಲ್ಲ ಕಣವ್ವಾ, ಮಲಕ್ಕೋ!"