ಹಲಗೆ ಎತ್ತಿದ ಸಂಜೆ

ಬೆಟ್ಟದ ತಪ್ಪಲಿನ ಆ ಆಶ್ರಮಕ್ಕಾಗಲಿ, ಹೊಳೆಯಾಚೆಗಿನ ಹನ್ನೆರಡು ಮನೆಗಳಿಗಾಗಲಿ ಕರೆಂಟಿನ ಕಂಬ ಬಂದಿರಲಿಲ್ಲ.

ಪಾಲಾಕ್ಷನೆಂಬ ಶಿಷ್ಯ ಹೊಳೆಗೆ ಕಲ್ಲಿನ ಪುಟ್ಟ ಒಡ್ಡು ಕಟ್ಟಿದ. ನೀರನ್ನು ಪೈಪಿನಲ್ಲಿ ಇಳಿಸಿ ಚಕ್ರ ತಿರುಗಿಸಿದ. ಮನೆಗೊಂದು ಬಲ್ಬು ಉರಿಯಿತು.

ಪೈಪಿನ ಬಾಯಿಗೆ ಹೂಳು ಕಟ್ಟಿದಾಗ ಒಡ್ಡಿನ ಹಲಗೆ ಎತ್ತಬೇಕಿತ್ತು. ನಿಂತ ನೀರು ಒಮ್ಮೆಲೇ ನುಗ್ಗಿ ಹೂಳನ್ನು ಕೊಚ್ಚಿಕೊಂಡು ಹೋಗುತ್ತಿತ್ತು.

"ಎತ್ತುವ ಮೊದಲು ಕೆಳಗಿಳಿದು ನೋಡು," ಎಂದಿದ್ದರು ಗುರು ನಿರ್ವಾಣಯ್ಯ. "ಜನ ಹೊಳೆ ದಾಟುವುದು ಅಲ್ಲೇ."

ಎರಡು ವರ್ಷ ಪಾಲಾಕ್ಷ ಹಾಗೆಯೇ ಮಾಡಿದ.

ಒಂದು ಸಂಜೆ ಅವನ ಚಕ್ರ ನೋಡಲು ಸುತ್ತಲ ಊರುಗಳಿಂದ ಜನ ಬಂದರು. ಎಲ್ಲರೂ ಅಂಗಳದಲ್ಲಿ ಕೂತಿದ್ದಾಗ ಬಲ್ಬು ಮಂಕಾಯಿತು. ಯಾರೋ ನಕ್ಕರು.

ಪಾಲಾಕ್ಷ ಓಡಿಹೋಗಿ ಹಲಗೆ ಎತ್ತಿದ. ಕೆಳಗಿಳಿಯಲಿಲ್ಲ.

ಬಲ್ಬು ಮತ್ತೆ ಬೆಳಗಿತು. ಜನ ಚಪ್ಪಾಳೆ ತಟ್ಟಿದರು.

ಆಶ್ರಮದ ಬಟ್ಟೆ ಒಗೆಯುತ್ತಿದ್ದ ದ್ಯಾಮವ್ವ ಆಗ ಗಂಟು ಹೊತ್ತು ಹೊಳೆ ದಾಟುತ್ತಿದ್ದಳು. ಮರುದಿನ ಅವಳ ದೇಹ ಎರಡು ಮೈಲಿ ಕೆಳಗೆ ಬಿದಿರು ಮೆಳೆಯಲ್ಲಿ ಸಿಕ್ಕಿತು. ಕಾವಿ ಬಟ್ಟೆಗಳು ದಂಡೆಯುದ್ದಕ್ಕೂ ಪೊದೆಗಳಿಗೆ ಸಿಕ್ಕಿಕೊಂಡಿದ್ದವು.

"ಮೇಲೆ ಬೆಟ್ಟದಲ್ಲಿ ಮಳೆಯಾಗಿರಬೇಕು," ಎಂದರು ಊರವರು. ಪಾಲಾಕ್ಷ ಸುಮ್ಮನಿದ್ದ.

ಮಣ್ಣು ಮಾಡಿ ಮೂರನೆಯ ದಿನ ಅವನು ಗುರುವಿನ ಮುಂದೆ ಬಂದು ಕೂತ.

"ಒಡ್ಡು ಒಡೆದುಹಾಕ್ತೀನಿ."

"ಯಾಕೆ?"

"ಅವತ್ತು ನಾನು ಕೆಳಗಿಳಿದು ನೋಡಲಿಲ್ಲ."

ಗುರು ಹೊಳೆಯಾಚೆಗಿನ ಮನೆಗಳ ಕಡೆ ನೋಡಿದರು.

"ನನಗೆ ಯಾಕೆ ಹೇಳ್ತೀಯ? ಕೆಂಚಪ್ಪನಿಗೆ ಹೇಳು."

ಕೆಂಚಪ್ಪ ದ್ಯಾಮವ್ವನ ಗಂಡ. ಪಾಲಾಕ್ಷ ಹೋದಾಗ ಅವನು ಒಲೆ ಹಚ್ಚಲು ಹೆಣಗುತ್ತಿದ್ದ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

"ಅವಳು ಕೂಗಿದ್ದು ಕೇಳಿಸ್ತಾ ನಿನಗೆ?"

"ಇಲ್ಲ. ಚಪ್ಪಾಳೆ ಸದ್ದಿತ್ತು."

ಕೆಂಚಪ್ಪ ಒಲೆಯ ಕಡೆಗೇ ನೋಡುತ್ತಿದ್ದ.

"ಒಡ್ಡು ಒಡೆದುಬಿಡ್ಲಾ?" ಎಂದ ಪಾಲಾಕ್ಷ.

"ಉಳಿದವರ ಮನೆ ದೀಪ ಯಾಕೆ ಆರಿಸ್ತೀಯ? ನನ್ನ ಮನೆಯದು ಬಿಚ್ಚಿಕೊಂಡು ಹೋಗು."

ಪಾಲಾಕ್ಷ ತಂತಿ ಬಿಚ್ಚಿದ. ಬಲ್ಬು ಹಿಡಿದು ಹೊಸ್ತಿಲು ದಾಟುವಾಗ ಅವನಿಗೆ ಅಳು ತಡೆಯಲಾಗಲಿಲ್ಲ. ಹಿಂದೆ ಬಾಗಿಲು ಮುಚ್ಚಿತು.

ಆ ತಿಂಗಳೇ ಅವನು ಹೊಳೆಗೆ ಅಡ್ಡಲಾಗಿ ಮರದ ಕಾಲುಸೇತುವೆ ಕಟ್ಟಿದ. ದಿನಾ ಬೆಳಿಗ್ಗೆ ಅದನ್ನು ದಾಟಿ ಕೆಂಚಪ್ಪನ ಜಗಲಿಯಲ್ಲಿ ಒಂದು ಹೊರೆ ಸೌದೆ ಇಳಿಸಿ, ಕೈಮುಗಿದು ನಿಲ್ಲುತ್ತಿದ್ದ. ಕೆಂಚಪ್ಪ ಬೇಡ ಎನ್ನಲಿಲ್ಲ. ಮುಟ್ಟಲೂ ಇಲ್ಲ. ಸೌದೆ ರಾಶಿಯಾಯಿತು, ಅಡಿಯಲ್ಲಿ ಗೆದ್ದಲು ಹಿಡಿಯಿತು.

ಹೀಗೆ ಒಂದು ವರ್ಷ ಕಳೆಯಿತು.

"ಗುರುಗಳೇ, ಅವನು ಯಾವಾಗ ನನ್ನನ್ನು ಕ್ಷಮಿಸ್ತಾನೆ?"

"ಅವನು ಹೇಗಿದ್ದಾನೆ?"

"ಇವತ್ತಿಗೂ ಒಂದು ಮಾತಾಡಿಲ್ಲ."

"ನಾನು ಕೇಳಿದ್ದು ಅದಲ್ಲ. ಊಟಕ್ಕೆ ಏನು ಮಾಡ್ಕೊಳ್ತಾನೆ? ಮಂಡಿನೋವು ಅಂತಿದ್ದ, ಕಡಿಮೆ ಆಯ್ತಾ?"

ಪಾಲಾಕ್ಷನಿಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿದ.

ನಿರ್ವಾಣಯ್ಯ ಅವನ ಬೆನ್ನ ಮೇಲೆ ಕೈಯಿಟ್ಟರು.

"ವರ್ಷವೆಲ್ಲ ಕ್ಷಮೆ ತರೋಕೆ ಹೋಗಿಬಂದೆ. ನಾಳೆ ಕೆಂಚಪ್ಪನನ್ನು ನೋಡೋಕೆ ಹೋಗು."