ಮಾರ್ಥವ್ವನ ಹೆಪ್ಪು

“ಹಾಲಿಗೆ ಹೆಪ್ಪು ಹಾಕ್ರಿ, ಮರೀಬ್ಯಾಡ್ರಿ.”

ಮಾರ್ಥವ್ವ ಗಂಡನಿಗೆ ಹೇಳಿದ ಕೊನೆಯ ಮಾತು ಇಷ್ಟೇ.

ಯಾಕೋಬಪ್ಪ ಎಲ್ಲರಿಗೂ ಅದನ್ನೇ ಹೇಳಿದ. ಮಗಳು ಕರುಣಾ ಬೇರೆಯೇ ಹೇಳಿದಳು.

“ಅವ್ವ ಕೊನೀಗೆ ದೇವರಿಗೆ ‘ಬಂದೆ ತಂದೇ’ ಅಂದ್ಲು. ಸಮಾಧಿ ಕಲ್ಲಿನ ಮ್ಯಾಲೆ ಅದನ್ನ ಕೆತ್ತಿಸೋಣು.”

“ಸುಳ್ಳು ಹೇಳಬ್ಯಾಡ,” ಎಂದುಬಿಟ್ಟ ಅವನು, ಬಂಧುಗಳೆಲ್ಲರ ಮುಂದೆ.

ಅವತ್ತು ಗಂಡನ ಮನೆಗೆ ಹೋದ ಮಗಳು ಮತ್ತೆ ಬರಲಿಲ್ಲ. ಕಲ್ಲು ಬರಿದಾಗಿಯೇ ಉಳಿಯಿತು.

ಹೆಂಡತಿ ಇದ್ದಾಗ ದಿನಾ ಸಂಜೆ ಬೈಬಲ್ಲಿನ ಸುವಾರ್ತೆ, ಯೇಸುವಿನ ಕಥೆ, ಓದುತ್ತಿದ್ದಳು. ಅವನು ಗೋಡೆಗೆ ಒರಗಿ ಕೇಳುತ್ತಿದ್ದ. ಈಗ ಓದುವವರಿಲ್ಲ. ಅವನಿಗೋ ಅಕ್ಷರ ಅಷ್ಟಕ್ಕಷ್ಟೇ.

ಹೊಳೆಯ ದಂಡೆಯಲ್ಲಿ ಶಾಂತಪ್ಪಜ್ಜ ಒಂದು ಎಮ್ಮೆ ಕಟ್ಟಿಕೊಂಡು ಒಬ್ಬರೇ ಇದ್ದರು. ಊರಿನ ಸಭೆಯವರಿಗೆ ಬೈಬಲ್ ಹೇಳಿಕೊಟ್ಟೇ ಮುದುಕರಾದವರು. ಯಾಕೋಬಪ್ಪ ಅವರ ಹತ್ತಿರ ಓದು ಕಲಿಯಲು ಹೋದ.

ಬೆರಳಿಟ್ಟು ಓದಿದ. ಒಂದು ಸುವಾರ್ತೆ ಮುಗಿಸಿದ. ನಿಧಾನಕ್ಕೆ ನಾಲ್ವರು ಬರೆದ ನಾಲ್ಕೂ ಮುಗಿಸಿದ.

ಒಂದು ಮಧ್ಯಾಹ್ನ ಪುಸ್ತಕ ಮುಚ್ಚಿ ಗುರುವಿನ ಮುಂದೆ ಇಟ್ಟ.

“ನಾ ಇನ್ನ ಓದೂದಿಲ್ಲ, ಅಜ್ಜಾರ.”

“ಯಾಕೋ? ಕಣ್ಣು ನೋಯ್ತಾವೇನು?”

“ಕಣ್ಣಲ್ರಿ. ಯೇಸು ಶಿಲುಬಿ ಮ್ಯಾಲೆ ಕೊನೀಗೆ ಏನಂದ? ದೇವರೇ ಯಾಕ ಕೈಬಿಟ್ಟಿ ಅಂತ ಕೂಗಿದ ಅಂತ ಇಬ್ಬರು ಬರದಾರ. ಜೀವಾನ ತಂದಿ ಕೈಗೆ ಕೊಟ್ಟ ಅಂತ ಇನ್ನೊಬ್ಬ. ಎಲ್ಲಾ ಮುಗೀತು ಅಂದ ಅಂತ ಮತ್ತೊಬ್ಬ. ಆಕಿ ಓದೂ ಮುಂದ ಎಲ್ಲಾ ಒಂದೇ ಕಥಿ ಇತ್ರಿ.”

“ಆಕಿ ಧ್ವನಿ ಒಂದೇ ಇತ್ತಲ್ಲಪ್ಪ.”

ಯಾಕೋಬಪ್ಪ ನಗಲಿಲ್ಲ.

“ಒಬ್ಬ ಸುಳ್ಳು ಬರದಿದ್ರ ನಾಲ್ವರನ್ನೂ ಹೆಂಗ ನಂಬ್ಲಿ? ಇವರನ್ನ ನಂಬಲಿಲ್ಲಂದ್ರ, ಆಕೀನ್ನ ಮತ್ತ ನೋಡ್ತೀನಿ ಅಂತ ಹೆಂಗ ನಂಬ್ಲಿ?”

ಅಜ್ಜ ಎದ್ದು ಎಮ್ಮೆಗೆ ಹುಲ್ಲು ಹಾಕಿ ಬಂದು ಕೂತರು.

“ಹೆಪ್ಪು ಹಾಕ್ರಿ ಅಂತ ಮಾರ್ಥವ್ವ ಅಂದಾಗ ನೀ ಎಲ್ಲಿದ್ದಿ?”

“ಹಾಸಿಗಿ ಹತ್ರ.”

“ಆಮ್ಯಾಲೆ?”

“ಆಮ್ಯಾಲೇನು, ಆಕಿ ಹೇಳಿದ ಮ್ಯಾಲೆ ಹಾಕಬೇಕಲ್ರಿ? ಅಡಗಿ ಮನಿಗೆ ಹೋದೆ. ಹೆಪ್ಪಿನ ಬಟ್ಟಲ ಎಲ್ಲಿ ಇಡ್ತಿದ್ಲೋ ಏನೋ, ಹುಡುಕ್ಕೋತ ನಿಂತೆ. ಅಷ್ಟರಾಗ ಆಕಿ ಹತ್ರ ಕೂತಿದ್ದ ಕರುಣಾ ಅಪ್ಪಾ ಅಂತ ಚೀರಿದ್ಲು…”



ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಅಜ್ಜ ಆ ಸದ್ದು ಕೇಳುತ್ತ ಕೂತರು.

“ಹಂಗಾದ್ರ ಕರುಣಾ ಸುಳ್ಳು ಹೇಳಿಲ್ರಿ,” ಎಂದ ಯಾಕೋಬಪ್ಪ.

“ನೀನೂ ಹೇಳಿಲ್ಲ.”

“ಸುವಾರ್ತೆ ಬರದ ಈ ನಾಲ್ವರೂ ಹಂಗ ಏನ್ರಿ? ಒಬ್ಬರು ದೂರ ನಿಂತು, ಒಬ್ಬರು ಹತ್ರ ನಿಂತು ಕೇಳಿದ್ದೋ? ಖರೇ ಕೊನೀ ಮಾತು ಯಾವುದು?”

“ನಾ ಅಲ್ಲಿ ಇದ್ದಿಲ್ಲಪ್ಪ. ಯಾರು ಎಲ್ಲಿ ನಿಂತಿದ್ರು, ಯಾರ ಬಾಯಿಂದ ಕೇಳಿ ಯಾರು ಬರದ್ರು, ಕೇಳ್ಕೋತ ಓದು. ದೇವರಿಗೇನು ಸಿಟ್ಟು ಬರೂದಿಲ್ಲ.”

“ಮತ್ತ ನಂಬೂದು?”

“ಮೊದಲಿನ ಸಭೆ ಹಿರಿಯರ ಕೈಯಾಗ ನಾಲ್ಕೂ ಸುವಾರ್ತೆ ಇದ್ವು. ಒಂದು ಇಟ್ಕೊಂಡು ಮೂರು ಒಲಿಗೆ ಹಾಕಬಹುದಿತ್ತು. ನಾಲ್ಕನ್ನೂ ಕೂಡಿಸಿ ಒಂದೇ ಪುಸ್ತಕ ಮಾಡಿ ಹೊಲದ್ರು.”

ಯಾಕೋಬಪ್ಪ ಏಳಲಿಲ್ಲ.

“ಅವತ್ತಿನ ಹಾಲು ಹಂಗೇ ಕೆಟ್ಟು ಹೋತ್ರಿ. ಆಕಿ ಹೆಪ್ಪೂ ಹೋತು. ಆಕಿ ಹೇಳಿದ್ದು ಒಂದು, ಅದೂ ನನ್ನ ಕೈಲಿ ಆಗ್ಲಿಲ್ಲ.”

ಅಜ್ಜ ಒಳಗೆ ಹೋಗಿ ಬಟ್ಟಲಲ್ಲಿ ಒಂದಿಷ್ಟು ಮೊಸರು ತಂದರು.

“ಹಿಡಿ. ನನ್ನ ಎಮ್ಮಿ ಮೊದಲ ಕರು ಹಾಕಿದಾಗ ಹೆಪ್ಪು ಕೊಟ್ಟಾಕಿ ಮಾರ್ಥವ್ವ. ನಿನ್ನಿದರಿಂದ ಇವತ್ತಿಂದು, ಇವತ್ತಿನದರಿಂದ ನಾಳಿಂದು. ನಡುವ ಎಲ್ಲೂ ತಪ್ಪಿಸಿಲ್ಲ.”

ಯಾಕೋಬಪ್ಪ ಬಟ್ಟಲನ್ನೇ ನೋಡಿದ.

“ಹಂಗಾದ್ರ ಇದು ಆಕೀದೇ ಏನ್ರಿ?”

“ಹಾಲು ನನ್ನ ಎಮ್ಮೀದು,” ಎಂದರು ಅಜ್ಜ. “ರುಚಿ ನೋಡು.”

ಬೆರಳ ತುದಿಯಲ್ಲಿ ತೆಗೆದು ನಾಲಿಗೆಗಿಟ್ಟ. ಟವೆಲಿನಿಂದ ಮುಖ ಒರೆಸಿಕೊಂಡ. ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮನೆಗೆ ಹೋದ.

ಮರುದಿನ ಬೆಳಿಗ್ಗೆ ಅವನು ಗಡಿಗೆಯೊಂದನ್ನು ಟವೆಲಿನಲ್ಲಿ ಕಟ್ಟಿಕೊಂಡು ಹೊಳೆಯ ದಂಡೆ ಹಿಡಿದು ಹೊರಟ. ಎಮ್ಮೆ ಹಿಂಡುತ್ತಿದ್ದ ಅಜ್ಜ ತಲೆ ಎತ್ತಿದರು.

“ಎಲ್ಲಿಗಪ್ಪಾ ಸವಾರಿ?”

“ಮಗಳ ಮನಿಗ್ರಿ. ಅವ್ವ ಏನಂದ್ಲು, ಹೆಂಗಂದ್ಲು, ನಾ ಆಕೀನ್ನ ಕೇಳೇ ಇಲ್ಲ. ಕಲ್ಲಿನ ಮ್ಯಾಲೆ ಜಾಗ ಐತಿ, ಎರಡೂ ಹಿಡೀತಾವ.”

“ಹೆಪ್ಪು ಹಾಕ್ರಿ ಅಂತನೂ ಕೆತ್ತಸ್ತೀಯೇನು?”

“ಆಕಿ ಅಂದಾಳಲ್ರಿ.”

ಅಜ್ಜ ನಕ್ಕರು. “ಗಡಿಗ್ಯಾಗ?”

“ಮೊಸರು. ಗಟ್ಟಿ ಹೆಪ್ಪಾಗೇತಿ.”

ಅಜ್ಜ ಮತ್ತೆ ಕೆಚ್ಚಲಿಗೆ ಕೈ ಹಾಕಿದರು.

“ಎಲ್ಲಾ ಹೊತ್ಕೊಂಡು ಹೊಂಟಿಯೋ, ನಾಳಿನ ಹೆಪ್ಪಿಗೆ ಮನ್ಯಾಗ ಒಂದೀಟು ಇಟ್ಟು ಬಂದಿಯೋ?”