ಮಾಬ್ಲಾಚಾರಿಯ ಲಂಗರು

ಬಹಳ ಹಿಂದೆ, ಹೊಳೆ ಹೋಗಿ ಕಡಲು ಸೇರುವ ಅಳಿವೆಯ ದಡದಲ್ಲಿ ಒಂದು ಊರು. ಅಲ್ಲಿ ಮಾಬ್ಲಾಚಾರಿ ಅಂತ ಒಬ್ಬ ಕಮ್ಮಾರ ಇದ್ದನಂತೆ. ದೋಣಿಗಳಿಗೆ ಲಂಗರು ಮಾಡುವುದು ಅವನ ಕೆಲಸ. ಮಾಡಿದ್ದನ್ನೆಲ್ಲ ಉಪ್ಪುನೀರು ತಿಂದು ಹಾಕುತ್ತಿತ್ತಂತೆ. ಜನ ತುಕ್ಕು ಹಿಡಿದ ಲಂಗರನ್ನು ಅವನ ಬಾಗಿಲಿಗೆ ತಂದೆಸೆದು, ಇದು ಕಬ್ಬಿಣವೋ ಬೆಲ್ಲವೋ ಅಂತ ಕೇಳಿ ಹೋಗುತ್ತಿದ್ದರಂತೆ. ಕೇಳಿ ಕೇಳಿ ಅವನಿಗೆ ತಲೆ ಕೆಟ್ಟುಹೋಯಿತು.

ಘಟ್ಟದ ಮೇಲಿಂದ ಬಗೆಬಗೆಯ ಅದಿರು ತರಿಸಿದ, ಕರಗಿಸಿದ, ಬೆರೆಸಿದ. ಕಡೆಗೆ ಒಂದು ಲಂಗರು ನೀಲಿಗೆ ಹೊಳೆಯಿತಂತೆ. ನೀರಲ್ಲಿಟ್ಟರೂ ತುಕ್ಕಿಲ್ಲ. ಅವನ ತಂಗಿ ಸಾವಂತ್ರಿಯ ಗಂಡ ಸರಕು ಒಯ್ಯುವ ಮಚ್ವೆ ದೋಣಿಯಲ್ಲಿ ಬಡಗಿ. ಮೊದಲ ಲಂಗರು ಆ ಮಚ್ವೆಗೇ ಹೋಯಿತು.

ಗಾಳಿ ಎದ್ದಾಗ ಲಂಗರು ಬಂಡೆಗೆ ಸಿಕ್ಕಿ ಗಾಜಿನ ಹಾಗೆ ಮುರಿಯಿತಂತೆ. ಮಚ್ವೆ ಒಡೆಯಿತು. ಉಳಿದವರು ಈಜಿ ಬಂದರು, ಸಾವಂತ್ರಿಯ ಗಂಡ ಬರಲಿಲ್ಲ.

ಸಾವಂತ್ರಿ ಹಗ್ಗದ ತುದಿಯಲ್ಲಿ ಉಳಿದಿದ್ದ ಮುರಿದ ತುಂಡು ಹಿಡಿದು ಕುಲುಮೆಗೆ ಬಂದಳು. "ತುಕ್ಕು ಹಿಡಿದಿಲ್ಲ ನೋಡು ಅಣ್ಣ," ಅಂದಳಂತೆ. "ಇನ್ನು ಮಾಡಬೇಡ ಅನ್ನಲ್ಲ. ನಾನು ಹೊಡೆದು ನೋಡದೆ ಯಾರಿಗೂ ಕೊಡಬೇಡ."

ಆಮೇಲೆ ಶುರುವಾಯಿತು. ಅವನು ಮಾಡುವುದು, ಅವಳು ಬಂಡೆಯ ಮೇಲಿಟ್ಟು ಸುತ್ತಿಗೆಯಿಂದ ಒಡೆಯುವುದು. ಮತ್ತೆ ಮಾಡುವುದು, ಮತ್ತೆ ಒಡೆಯುವುದು. ಅವನು ಇಕ್ಕಳ ಬಿಸಾಡುತ್ತಿದ್ದನಂತೆ, ಮಾತು ಬಿಡುತ್ತಿದ್ದನಂತೆ. ಅವಳು ಮಾತಿಗೆ ಬಂದವಳೇ ಅಲ್ಲ, ಹೊಡೆಯುವುದಕ್ಕೆ ಬಂದವಳು.

ಒಂದು ಸಲ ರೇಗಿಹೋಗಿ, ಕಾದ ಲಂಗರನ್ನು ಎಂದಿನಂತೆ ನೀರಿಗೆ ಅದ್ದದೆ ಭತ್ತದ ಹೊಟ್ಟಿನ ಬೂದಿಯಲ್ಲಿ ಹೂತು ಎದ್ದು ಹೋದನಂತೆ. ಅದು ಅಲ್ಲೇ ನಿಧಾನವಾಗಿ ಆರಿತು. ಸಾವಂತ್ರಿ ತೆಗೆದು ಹೊಡೆದಳು. ಒಡೆಯಲಿಲ್ಲ. ಮಳೆಗಾಲವಿಡೀ ಅಳಿವೆಯಲ್ಲಿ ಮುಳುಗಿಸಿಟ್ಟು ತೆಗೆದರು. ಮೈತುಂಬ ಚಿಪ್ಪು ಅಂಟಿತ್ತು, ಕೆರೆದರೆ ಒಳಗೆ ಚೊಕ್ಕ ಕಬ್ಬಿಣ. ಮತ್ತೆ ಹೊಡೆದಳು, ತೋಳು ಸೋಲುವವರೆಗೆ ಹೊಡೆದಳು. ಆಮೇಲೆ ಸುತ್ತಿಗೆ ಕೆಳಗಿಟ್ಟು, ಗಂಡ ಹೋದ ಮೇಲೆ ಮೊದಲ ಸಲ ಅತ್ತಳಂತೆ.

ಊರೆಲ್ಲ ಕುಣಿಯಿತು. ಮಾಬ್ಲಾಚಾರಿ ನಗಲಿಲ್ಲ. "ಈ ದರಿದ್ರ ಕಬ್ಬಿಣಕ್ಕೆ ಆಗಲೇ ಬುದ್ಧಿ ಬರಬಾರದಿತ್ತೇ?" ಅಂದು ಲಂಗರನ್ನು ಕಾಲಿಂದ ಒದ್ದನಂತೆ.

ಕಡಲಮ್ಮ ಕನಸಿನಲ್ಲಿ ಬಂದು ಉಪಾಯ ಹೇಳಿಕೊಟ್ಟಳು ಅಂತ ಕೆಲವರು ಹೇಳುತ್ತಾರೆ. ಹೇಳುವವರ ಬಾಯಿ ಹಿಡಿಯುವವರು ಯಾರು? ಹೇಳಿಕೊಡುವುದೇ ಆಗಿದ್ದರೆ ಆ ಬಡಗಿ ಸಾಯುವ ಮೊದಲೇ ಹೇಳಬಹುದಿತ್ತಲ್ಲ.

ಇವತ್ತಿಗೂ ಆ ಊರಿನಲ್ಲಿ ಹೊಸ ಲಂಗರು ಬಂದರೆ ನೇರ ದೋಣಿಗೆ ಏರಿಸುವುದಿಲ್ಲ. ಕಡಲಿಗೆ ಹೋಗುವವನ ಹೆಂಡತಿಯೋ ತಾಯಿಯೋ ಅದನ್ನು ಬಂಡೆಯ ಮೇಲಿಟ್ಟು ಹೊಡೆಯುತ್ತಾಳೆ. ಗಂಡಸರು ಸುತ್ತ ಕಾದು ನಿಂತಿರುತ್ತಾರೆ. ಸಾಕು ಅಂತ ಅವಳೇ ಹೇಳಬೇಕು.